ಬೇಡ ಎಂದವರ ಎಲೆ



ತುಂಗಭದ್ರೆಯ ಕಾಲುವೆ ನೀರಿಗೆ ಕಬ್ಬು ಬೆಳೆದು, ಆಲೆಮನೆಯಲ್ಲಿ ಬೆಲ್ಲ ಕಾಯಿಸಿದ ಸೀಮೆ ನಮ್ಮದು. ಹೊಸಪೇಟೆ, ಕಮಲಾಪುರ, ಕಂಪ್ಲಿ ಕಡೆ ಬೀಗರಿಗೆ ಸಿಹಿಯಿಲ್ಲದ ಊಟ ಬಡಿಸಿದರೆ ಅದು ಊಟವೇ ಅಲ್ಲ. ಇಂಥ ಕಡೆ "ನನಗ ಶುಗರ್ ಐತಿ, ಬ್ಯಾಡ್ರಿ" ಎಂದು ಎಲೆಗೆ ಕೈ ಅಡ್ಡ ಹಿಡಿಯಲು ಧೈರ್ಯ ಬೇಕು. ಬಡಿಸುವವರು ಬಿಟ್ಟಾರೆಯೆ? "ಒಂದು ಹೋಳಿಗಿಗೆ ಏನಾಗತೈತಿ? ಒಂದು ಗುಳಿಗಿ ಜಾಸ್ತಿ ತಗೊಂಡ್ರಾತು!" ಗುಳಿಗೆಯ ಲೆಕ್ಕ ಹಾಗೆ ನಡೆಯುವುದಿಲ್ಲ. ಆದರೂ ಹತ್ತು ಜನರೆದುರು ರೋಗಿ ಅನ್ನಿಸಿಕೊಳ್ಳುವುದಕ್ಕಿಂತ ತಿಂದು ಏಳುವುದೇ ಮೇಲು ಎನ್ನುವವರು ಬಹಳ.

ಪಂಕ್ತಿಯಲ್ಲಿ ಒತ್ತಾಯ ಮಾಡುವ ನಾವೇ ಮನೆಗೆ ಬಂದರೆ ಪೊಲೀಸರು. ಬಾಳೆಹಣ್ಣು ಮುಟ್ಟಿದ ಎಪ್ಪತ್ತರ ಅಜ್ಜ ಮೊಮ್ಮಕ್ಕಳ ಮುಂದೆ ಕಳ್ಳನಾಗುತ್ತಾನೆ. ಬೈಗುಳಕ್ಕೆ ಹೆದರಿ, ಪರೀಕ್ಷೆಗೆ ರಕ್ತ ಕೊಡುವ ಎರಡು ದಿನ ಮೊದಲು ಮಾತ್ರ ಪಥ್ಯ ಹಿಡಿಯುತ್ತಾನೆ. ಎಚ್‌ಬಿಎ ಒನ್ ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಕಥೆಯನ್ನೇ ಹೇಳಿಬಿಡುತ್ತದೆ, ಆ ಮಾತು ಬೇರೆ. ಸಕ್ಕರೆ ಕಾಯಿಲೆಯವರಲ್ಲಿ ಖಿನ್ನತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎನ್ನುತ್ತವೆ ಅಧ್ಯಯನಗಳು. ಅದರಲ್ಲಿ ನಮ್ಮ ನಾಲಿಗೆಯ ಪಾಲೂ ಇದ್ದೀತು.

ಇದೇ ಕಾಯಿಲೆಯಿದ್ದೂ ಎಲ್ಲರೂ ಉಂಡ ಮೇಲೆ ಉಣ್ಣುವ ಅವ್ವನನ್ನು ಮಾತ್ರ ಯಾರೂ ಕಾಯುವುದಿಲ್ಲ. ಗುಳಿಗೆ ನುಂಗಿ ಊಟ ತಡವಾದರೆ ಕೆಲವರಿಗೆ ರಕ್ತದ ಸಕ್ಕರೆ ಇಳಿದು ಕೈ ನಡುಗುತ್ತದೆ, ಮೈ ಬೆವರುತ್ತದೆ. ಸಂಡೂರಿನ ಅದಿರು ಲಾರಿಯ ಚಾಲಕ ಹಾಗಾಗಿ ತೊದಲಿದರೆ, ಕುಡಿದಿದ್ದಾನೆ ಎಂದು ಜನ ದೂರ ಸರಿಯುತ್ತಾರೆ. ಎಚ್ಚರವಿದ್ದರೆ ಆ ಹೊತ್ತಿಗೆ ಮೂರು ಚಮಚ ಸಕ್ಕರೆಯೇ ಔಷಧ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ಕಾಯಿಲೆಯಿದೆ. ಇಷ್ಟು ಜನರನ್ನು ಬೇರೆ ತಟ್ಟೆ ಹಾಕಿ ಕೂರಿಸುವ ಬದಲು ಸೊಪ್ಪು, ಕಾಳುಪಲ್ಯ, ಮಿತವಾಗಿ ಜೋಳದ ರೊಟ್ಟಿಯನ್ನು ಮನೆಮಂದಿಯೆಲ್ಲ ಉಂಡರೆ ಪಥ್ಯ ಎಂಬ ಹೆಸರೇ ಬೇಕಿಲ್ಲ.

ಮಕ್ಕಳಿಗೆ ಬರುವ ಟೈಪ್ 1 ಸಕ್ಕರೆ ಕಾಯಿಲೆ ಮಾತ್ರ ಬೇರೆ. ಅದು ಸಿಹಿ ತಿಂದು ಬಂದದ್ದಲ್ಲ, ಯಾರ ಕರ್ಮವೂ ಅಲ್ಲ. ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗಿರುತ್ತದೆ. 1922ರಲ್ಲಿ ಟೊರಾಂಟೊದ ಹದಿನಾಲ್ಕರ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಸಲ ಇನ್ಸುಲಿನ್ ಚುಚ್ಚುವವರೆಗೆ ಇಂಥ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ. ಈಗ ಓದುತ್ತಾರೆ, ದುಡಿಯುತ್ತಾರೆ. ಹುಡುಗಿಯಾದರೆ ಮಾತ್ರ ಮದುವೆ ಮಾತು ಬಂದ ದಿನ ಸೂಜಿ ಬಚ್ಚಿಡುತ್ತೇವೆ. ಗಂಡನ ಮನೆಯಲ್ಲಿ ಕದ್ದು ಚುಚ್ಚಿಕೊಳ್ಳುವುದು, ಜನರಿದ್ದಾರೆಂದು ಬಿಡುವುದು ಜೀವಕ್ಕೇ ಕುತ್ತು. ನಿಮ್ಮ ಮನೆಯಲ್ಲಿ ಅಂಥ ಮಗಳಿದ್ದರೆ, ಅವಳನ್ನು ಕೇಳಿ, ಸಂಬಂಧ ಬೆಳೆಸಲು ಬಂದವರಿಗೆ ಮೊದಲೇ ಹೇಳಿಬಿಡಿ. ಎದ್ದು ಹೋಗುವವರು ಹೋಗಲಿ.