ಮನೋರೋಗಿಯ ಮಗ್ಗುಲಲ್ಲಿ

ರೋಣ, ನರಗುಂದ, ಗಜೇಂದ್ರಗಡಗಳು 1997ರಲ್ಲಿ ಗದಗ ಜಿಲ್ಲೆ ರೂಪುಗೊಳ್ಳುವವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದವು. ಮನೆಯಲ್ಲಿ ಯಾರಿಗಾದರೂ ಬುದ್ಧಿಭ್ರಮಣೆಯಾದರೆ ಮೊದಲು ದೇವರ ಬಾಗಿಲು, ಬಳಿಕ ಧಾರವಾಡದ ದಾರಿ. ಅಲ್ಲಿ 1845ರಲ್ಲಿ ಆರಂಭವಾದ ಆಸ್ಪತ್ರೆಯನ್ನು ಜನ ‘ಹುಚ್ಚರ ಆಸ್ಪತ್ರೆ’ ಎಂದೇ ಕರೆದರು. 2009ರಲ್ಲಿ ಅದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಯಿತು. ಆದರೆ ಇಂತಹ ಆಸ್ಪತ್ರೆಯೊಳಗೆ ಹಗಲಿರುಳು ರೋಗಿಯ ಬಳಿ ಇರುವ ದಾದಿಯ ಕೆಲಸವೇನೆಂಬುದು ಹೊರಗಿನವರಿಗೆ ಇಂದಿಗೂ ಅಷ್ಟಾಗಿ ತಿಳಿಯದು.

ಹಿಂದಿನ ಕಾಲದ ಆಶ್ರಯಾಲಯಗಳಲ್ಲಿ ಕಾವಲೇ ಮುಖ್ಯವಾಗಿತ್ತು. ಈ ದೃಷ್ಟಿ ಬದಲಾದ ಬಗೆಯನ್ನು ಅರಿಯಲು 1952ನೆಯ ಇಸವಿಯನ್ನು ನೆನೆಯಬೇಕು. ಆ ವರ್ಷ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧ ಉದ್ರಿಕ್ತ ಮನಸ್ಸುಗಳನ್ನು ಶಾಂತಗೊಳಿಸತೊಡಗಿತು. ಅದೇ ವರ್ಷ ಅಮೆರಿಕದ ದಾದಿ ಹಿಲ್ಡೆಗಾರ್ಡ್ ಪೆಪ್ಲೌ ತಮ್ಮ ಗ್ರಂಥದಲ್ಲಿ, ದಾದಿ ಮತ್ತು ರೋಗಿಯ ನಡುವಣ ಸಂಬಂಧವೇ ಶುಶ್ರೂಷೆಯ ತಿರುಳೆಂದು ಪ್ರತಿಪಾದಿಸಿದರು. ಇವೆರಡೂ ಕೂಡಿದಲ್ಲದೆ ವಾರ್ಡು ನಡೆಯದು.

ದಾದಿಯ ಮೊದಲ ಕೆಲಸ ನೋಡುವುದು. ಯಾರು ನಿದ್ರಿಸಿದರು, ಯಾರು ಕಣ್ಣು ಮುಚ್ಚಿ ಮಲಗಿದ್ದರಷ್ಟೆ. ಗುಳಿಗೆ ನುಂಗಿದರೋ, ನಾಲಗೆಯ ಕೆಳಗೆ ಅಡಗಿಸಿದರೋ. ಕೈ ನಡುಗಿದರೆ, ಕತ್ತು ಸೆಟೆದರೆ ಅದು ಔಷಧದ ಪರಿಣಾಮವಿರಬಹುದೆಂದು ವೈದ್ಯರಿಗೆ ತಿಳಿಸುವವಳೂ ಅವಳೇ. ಎಲ್ಲಕ್ಕಿಂತ ಕಠಿಣವಾದವು ಖಿನ್ನತೆಯ ರೋಗಿ ಚೇತರಿಸಿಕೊಳ್ಳತೊಡಗಿದ ದಿನಗಳು. ಮೈಗೆ ಶಕ್ತಿ ಮರಳಿರುತ್ತದೆ, ಬದುಕುವ ಆಸೆ ಇನ್ನೂ ಮರಳಿರುವುದಿಲ್ಲ. ಮನೆಯವರು ‘ಆರಾಮಾತು’ ಎಂದು ಹಿಗ್ಗುವ ಹೊತ್ತಿಗೇ ದಾದಿ ತನ್ನ ಎಚ್ಚರವನ್ನು ಹೆಚ್ಚಿಸಬೇಕಾಗುತ್ತದೆ.

ಆದರೂ ಇದು ಕಾವಲಲ್ಲ. ಕಾವಲುಗಾರ ದೂರ ನಿಂತು ನೋಡುತ್ತಾನೆ. ದಾದಿ ಮಗ್ಗುಲಲ್ಲಿ ಕುಳಿತು ನೋಡುತ್ತಾಳೆ. ಬಾಯಿ ಬಿಡದ ಮುದುಕಿಗೆ, ‘ಯವ್ವಾ, ನಿಮ್ಮ ಕಡೆ ಈ ಸಲ ಹಿಂಗಾರಿ ಜ್ವಾಳ ಹ್ಯಾಂಗೈತಿ?’ ಎಂಬ ಊರ ನುಡಿ ತಲುಪಬಹುದು. ಇಲ್ಲದ ಧ್ವನಿಗಳನ್ನು ಕೇಳಿ ನಡುಗುವ ತರುಣನೊಡನೆ ಅವಳು ವಾದಿಸುವುದಿಲ್ಲ, ಹೌದೆಂದು ಸುಳ್ಳಾಡುವುದೂ ಇಲ್ಲ. ‘ನನಗ ಕೇಳಸೂದಿಲ್ಲಪಾ; ಆದರ ನಿನಗ ಅಂಜಿಕಿ ಆಗೈತಿ ಅನ್ನೂದು ತಿಳೀತೈತಿ’ ಎನ್ನುತ್ತಾಳೆ. ಆ ಒಂದು ಮಾತಿನಿಂದ ನಂಬಿಕೆ ಮೊಳೆಯುತ್ತದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ತಕ್ಷಣದ ಅಪಾಯವನ್ನು ತಪ್ಪಿಸಲು ಅನ್ಯಮಾರ್ಗವೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ದಾಖಲೆಯೊಡನೆ ರೋಗಿಯನ್ನು ನಿರ್ಬಂಧಿಸಬಹುದು. ಆದರೆ ಸರಪಳಿಯ ಜಾಗವನ್ನು ಕಾಗದ ತುಂಬಲಾರದು. ತರಬೇತಿ ಪಡೆದ ಮನುಷ್ಯರೇ ತುಂಬಬೇಕು. ಒಬ್ಬಳೇ ದಾದಿಗೆ ಹತ್ತಾರು ರೋಗಿಗಳನ್ನು ಒಪ್ಪಿಸಿದರೆ ಅವಳಾದರೂ ಬೀಗದ ಕೈಗೆ ಶರಣಾಗದೆ ಏನು ಮಾಡಿಯಾಳು?

ವಾರ್ಡಿನ ಕೊನೆಯ ಪಾಠ ಮನೆಯವರಿಗೆ. ಗುಣವಾಯಿತೆಂದು ತಾವಾಗಿ ಗುಳಿಗೆ ನಿಲ್ಲಿಸಬಾರದು, ಹಂಗಿಸಬಾರದು, ಕೈಲಾಗುವ ಕೆಲಸ ಕೊಡಬೇಕು. ಗಜೇಂದ್ರಗಡದ ನೇಕಾರ ಮತ್ತೆ ಮಗ್ಗದ ಮುಂದೆ ಕುಳಿತಾಗ, ರೋಣದ ರೈತ ಮತ್ತೆ ಎರೆಹೊಲಕ್ಕಿಳಿದಾಗ, ಅವರ ಹಿಂದೆ ಯಾರೋ ನಿದ್ದೆಗೆಟ್ಟು ಕಾದ ಇರುಳುಗಳಿರುತ್ತವೆ. ‘ಧಾರವಾಡಕ್ಕೆ ಹೋಗಿ ಬಂದವ’ ಎಂದು ಅವರತ್ತ ಬೆರಳು ಮಾಡದಿರುವುದು ಊರವರ ಪಾಲಿನ ಶುಶ್ರೂಷೆ.