ಕೂಲಿಕಾರರ ಕೇರಿಗೆ ಬಂದ ಶಾಲೆ



ಅಮೆರಿಕದ ಕಪ್ಪು ಶಿಕ್ಷಣತಜ್ಞೆ ಮೇರಿ ಮೆಕ್ಲಿಯೋಡ್ ಬೆಥೂನ್ ಅವರ ಕುರಿತ ವಿಚಾರ ಸಂಕಿರಣ ಕಲಬುರಗಿ ಜಿಲ್ಲೆಯ ವಾಡಿಯಲ್ಲೇಕೆ ಎಂದು ಕೇಳಿದವರಿದ್ದಾರೆ. ವಾಡಿಯಲ್ಲೇ ಆಗಬೇಕು ಎನ್ನುವವಳು ನಾನು. 1874ರಲ್ಲಿ ನಿಜಾಮರ ರೈಲುಮಾರ್ಗ ಮುಂಬೈ–ಮದ್ರಾಸ್ ಮಾರ್ಗವನ್ನು ಇಲ್ಲಿ ಕೂಡಿಕೊಂಡಿತು. ಊರು ಬೆಳೆದದ್ದು ಆ ಜಂಕ್ಷನ್ನಿನಿಂದ, ಆಮೇಲೆ ಸಿಮೆಂಟಿನಿಂದ. ಹಳಿ ಹಾಕಿದವರ, ಪರಸಿ ಕಲ್ಲು ಒಡೆದವರ ಮಕ್ಕಳು ಓದುವುದೆಲ್ಲಿ ಎಂಬ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. ಫ್ಲಾರಿಡಾದ ಡೇಟೋನಾಕ್ಕೆ ಬೆಥೂನ್ ಹೋದದ್ದು ಇದೇ ಪ್ರಶ್ನೆ ಹೊತ್ತು. ಅಲ್ಲಿ ರೈಲುಮಾರ್ಗದ ಕೆಲಸಕ್ಕೆ ಬಂದ ಕಪ್ಪು ಕೂಲಿಕಾರರ ಮಕ್ಕಳನ್ನು ಕೇಳುವವರೇ ಇರಲಿಲ್ಲ.

1904ರ ಅಕ್ಟೋಬರ್ 3ರಂದು ಶಾಲೆ ತೆರೆದಾಗ ಅವರ ಕೈಯಲ್ಲಿದ್ದದ್ದು ಒಂದೂವರೆ ಡಾಲರ್. ಬಾಡಿಗೆ ಮನೆ, ಐದು ಹೆಣ್ಣುಮಕ್ಕಳು, ಜೊತೆಗೆ ಅವರದೇ ಪುಟ್ಟ ಮಗ. ಎಸೆದ ಮರದ ಪೆಟ್ಟಿಗೆಗಳೇ ಮೇಜು, ಸುಟ್ಟ ಕಟ್ಟಿಗೆಯ ಚೂರೇ ಪೆನ್ಸಿಲ್, ಕಾಡುಹಣ್ಣಿನ ರಸವೇ ಶಾಯಿ. ಗೆಣಸಿನ ಸಿಹಿತಿನಿಸು ಮಾಡಿ ಕೂಲಿಕಾರರಿಗೆ ಮಾರಿ ದುಡ್ಡು ಕೂಡಿಸಿದರು. ಕಸ ಸುರಿಯುತ್ತಿದ್ದ ಜಾಗ ಕೊಂಡು ಅಲ್ಲಿ ಕಟ್ಟಡ ಎಬ್ಬಿಸಿದರು. ಶ್ರೀಮಂತರ ಮನೆಬಾಗಿಲಿಗೂ ಹೋದರು ನಿಜ, ಆದರೆ ಬುನಾದಿಗೆ ಬಿದ್ದದ್ದು ಬಡವರ ಚಿಲ್ಲರೆ ಕಾಸು. ಆ ಶಾಲೆಯೇ ಇಂದಿನ ಬೆಥೂನ್–ಕುಕ್ಮನ್ ವಿಶ್ವವಿದ್ಯಾಲಯ.

ಆದರೂ ನನ್ನ ಮನಸ್ಸು ನಿಲ್ಲುವುದು ಅದಕ್ಕೂ ಹಿಂದಿನ ಹೆಂಗಸರ ಬಳಿ. ಬೆಥೂನ್ ಹುಟ್ಟಿದ್ದು 1875ರಲ್ಲಿ, ದಕ್ಷಿಣ ಕೆರೊಲಿನಾದ ಮೇಸ್ವಿಲ್‌ನಲ್ಲಿ. ತಂದೆತಾಯಿ ಗುಲಾಮಗಿರಿ ಉಂಡವರು, ಹದಿನೇಳು ಮಕ್ಕಳಲ್ಲಿ ಈಕೆ ಹದಿನೈದನೆಯವರು. ಹತ್ತಿ ಹೊಲದಲ್ಲಿದ್ದ ಆ ಹುಡುಗಿಗೆ ಅಕ್ಷರ ಕಲಿಸಿದ್ದು ಎಮ್ಮಾ ವಿಲ್ಸನ್ ಎಂಬ ಕಪ್ಪು ಶಿಕ್ಷಕಿ. ಹೋಗಿಬರಲು ದಿನಕ್ಕೆ ಹತ್ತು ಮೈಲಿ ನಡಿಗೆ. ಸಂಜೆ ಮನೆಯವರಿಗೆ ಪಾಠ, ನೆರೆಯವರಿಗೆ ಹತ್ತಿ ತೂಕದ ಲೆಕ್ಕ. ಮುಂದಿನ ಓದಿಗೆ ಹಣ ಕೊಟ್ಟವರು ಮೇರಿ ಕ್ರಿಸ್ಮನ್, ದೂರದ ಕೊಲರಾಡೊದಲ್ಲಿ ಬಟ್ಟೆ ಹೊಲಿದು ಉಳಿಸಿದ ಹಣ. ಚರಿತ್ರೆ ಬೆಥೂನ್ ಅವರನ್ನು ನೆನೆಯುವಷ್ಟು ಈ ಇಬ್ಬರನ್ನು ನೆನೆಯುವುದಿಲ್ಲ. ಅದು ನನಗೆ ನೋವಿನ ಸಂಗತಿ.

1920ರಲ್ಲಿ ಮಹಿಳೆಯರಿಗೆ ಮತದ ಹಕ್ಕು ಬಂದಾಗ, ಕಪ್ಪು ಜನರನ್ನು ತಡೆಯಲೆಂದೇ ಇಟ್ಟಿದ್ದ ಓದಿನ ಪರೀಕ್ಷೆ ದಾಟಿಸಲು ಬೆಥೂನ್ ರಾತ್ರಿ ಪಾಠ ನಡೆಸಿದರು. ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ದ್ವೇಷದ ಗುಂಪಿನವರು ಶಾಲೆಯ ಅಂಗಳಕ್ಕೆ ಬಂದು ಹೆದರಿಸಿದರೂ ಜಗ್ಗಲಿಲ್ಲ. ರೂಸ್‌ವೆಲ್ಟ್ ಸರ್ಕಾರದ ಹುದ್ದೆ, ವಿಶ್ವಸಂಸ್ಥೆ ರೂಪುಗೊಂಡ 1945ರ ಸ್ಯಾನ್‌ಫ್ರಾನ್ಸಿಸ್ಕೊ ಸಮ್ಮೇಳನ ಇವೆಲ್ಲ ನಿಮ್ಮ ಪ್ರಬಂಧಗಳಲ್ಲಿ ಬರುತ್ತವೆ, ನಾನು ಬೆಳೆಸುವುದಿಲ್ಲ.

ನಮ್ಮಲ್ಲೂ ಉರ್ದು ಆಡಳಿತ ಭಾಷೆಯಾಗಿದ್ದ ನಿಜಾಮರ ಕಾಲದಲ್ಲೇ, 1934ರಲ್ಲಿ, ಕಲಬುರಗಿಯಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು ಹೆಣ್ಣುಮಕ್ಕಳ ಶಾಲೆ ತೆರೆದರು. ಆದರೆ ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಹುಡುಗಿಯರನ್ನು ಶಾಲೆಗೆ ಕರೆತಂದ ಅಕ್ಕೋರುಗಳು ಯಾರು? ಅವರ ಶಿಷ್ಯೆಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಬಾಯಿಂದ ಕೇಳಿ ಬರೆದಿಡುವ ಕೆಲಸವನ್ನು ಈ ಸಂಕಿರಣ ಕೈಗೆತ್ತಿಕೊಳ್ಳಲಿ. ಹಾಜರಿ ಪುಸ್ತಕಗಳನ್ನು ಗೆದ್ದಲು ತಿನ್ನುವ ಮೊದಲೇ ಹುಡುಕೋಣ, ಇವತ್ತಿನಿಂದಲೇ.