ನರ್ಸ್ ಪ್ರಾಕ್ಟೀಷನರ್: ದಾದಿಯರ ಹಿರಿಯ ಹೊಣೆ

(ಧರ್ಮಕೇಂದ್ರದ ಯುವಜನರ ಹಾಗೂ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳನ್ನು ದಾದಿಯ ವೃತ್ತಿಗೆ ಕಳುಹಿಸುವುದು ನಮ್ಮ ಕುಟುಂಬಗಳಿಗೆ ಹೊಸತಲ್ಲ. ಆದರೆ ಬಿ.ಎಸ್ಸಿ. ನರ್ಸಿಂಗ್ ಮುಗಿದೊಡನೆ ಪಾಸ್‌ಪೋರ್ಟಿನ ಮಾತು ಏಳುತ್ತದೆಯೇ ಹೊರತು ಮುಂದಿನ ವ್ಯಾಸಂಗದ ಮಾತು ಏಳುವುದು ವಿರಳ. ಆದುದರಿಂದ ಇಂದು 'ನರ್ಸ್ ಪ್ರಾಕ್ಟೀಷನರ್' ಎಂಬ ಹುದ್ದೆಯ ಕುರಿತು ನಾಲ್ಕು ಮಾತುಗಳನ್ನಾಡಬಯಸುತ್ತೇವೆ.

ಇದು ಅಮೆರಿಕದಲ್ಲಿ ಹುಟ್ಟಿದ್ದು. ಮಕ್ಕಳಿಗೆ ಸಾಕಷ್ಟು ವೈದ್ಯರು ದೊರೆಯದಿದ್ದ ಕಾಲದಲ್ಲಿ, 1965ರಲ್ಲಿ, ಕೊಲೊರಾಡೊ ವಿಶ್ವವಿದ್ಯಾನಿಲಯದ ಲೊರೆಟ್ಟಾ ಫೋರ್ಡ್ ಎಂಬ ದಾದಿಯೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರೂ ಜೊತೆಗೂಡಿ ಈ ಶಿಕ್ಷಣವನ್ನು ಆರಂಭಿಸಿದರು. ಇಂದು ಅಲ್ಲಿ ಇವರು ರೋಗಿಯನ್ನು ಪರೀಕ್ಷಿಸಿ, ರೋಗವನ್ನು ಗುರುತಿಸಿ, ಔಷಧಿಯನ್ನೂ ಬರೆದುಕೊಡುತ್ತಾರೆ.

ನಮ್ಮ ದೇಶದಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತು ತೀವ್ರ ನಿಗಾ ಶುಶ್ರೂಷೆಯಲ್ಲಿ 2 ವರ್ಷಗಳ ಸ್ನಾತಕೋತ್ತರ ವ್ಯಾಸಂಗವನ್ನು ರೂಪಿಸಿದೆ. ಪದವಿಯ ಜೊತೆಗೆ ನೋಂದಣಿಯೂ ಕನಿಷ್ಠ ಒಂದು ವರ್ಷದ ಆಸ್ಪತ್ರೆಯ ಅನುಭವವೂ ಇರಬೇಕು. ತರಗತಿಗಿಂತ ರೋಗಿಯ ಹಾಸಿಗೆಯ ಬಳಿಯೇ ಕಲಿಕೆ ಹೆಚ್ಚು. ಸುಖದ ಓದು ಇದಲ್ಲ.

ನಡುರಾತ್ರಿ ರೋಗಿಯೊಬ್ಬನ ಉಸಿರಾಟ ಏರತೊಡಗಿತೆನ್ನಿ. ಅದನ್ನು ಗುರುತಿಸಿ, ಬರೆದಿಟ್ಟು, ವೈದ್ಯರಿಗೆ ತಿಳಿಸುವುದು ದಾದಿಯ ಕರ್ತವ್ಯ. ಈ ತರಬೇತಿ ಪಡೆದವಳು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಆಲಿಸುತ್ತಾಳೆ, ರಕ್ತದ ಆಮ್ಲಜನಕದ ವರದಿಯನ್ನು ಓದಿ ಅರ್ಥ ಹೇಳುತ್ತಾಳೆ, ಆಸ್ಪತ್ರೆಯ ಲಿಖಿತ ನಿಯಮಗಳು ಅನುಮತಿಸಿದಷ್ಟು ವೆಂಟಿಲೇಟರನ್ನು ಸರಿಹೊಂದಿಸುತ್ತಾಳೆ, ವೈದ್ಯರನ್ನೂ ಕರೆಸುತ್ತಾಳೆ. ತಾನು ಮಾಡಿದ್ದಕ್ಕೆ ಬೆಳಿಗ್ಗೆ ಉತ್ತರ ಹೇಳಬೇಕಾದವಳೂ ಅವಳೇ. ಇವಳನ್ನು ಅರೆವೈದ್ಯೆ ಎಂದು ಕೆಲವರು ಹಗುರವಾಗಿ ಕರೆಯುವುದು ನಮಗೆ ಸರಿದೋರದು. ಹಗಲಿರುಳು ರೋಗಿಯ ಬಳಿಯಿರುವ ದಾದಿಯ ಕಣ್ಣು ಬೇರೆಯೇ. ಆ ಕಣ್ಣಿಗೆ ಹೆಚ್ಚಿನ ವಿದ್ಯೆ ಸೇರಿದೆ, ಅಷ್ಟೇ.

ಹೆರಿಗೆ ಶುಶ್ರೂಷೆಗೂ ಇಂತಹದೇ 18 ತಿಂಗಳ ತರಬೇತಿಯುಂಟು. ಕೇಂದ್ರ ಸರಕಾರ 2018ರಲ್ಲಿ ಅದರ ಮಾರ್ಗಸೂಚಿಯನ್ನು ಹೊರಡಿಸಿತು.

ಹೆತ್ತವರಿಗೆ ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಲೇಬೇಕು. ಅಮೆರಿಕದ ಅಧಿಕಾರ ಇಲ್ಲಿಲ್ಲ. ಸ್ವತಂತ್ರವಾಗಿ ಔಷಧಿ ಬರೆಯುವ ಹಕ್ಕು ಇಲ್ಲಿ ಇವರಿಗೆ ದೊರೆತಿಲ್ಲ, ಪ್ರತ್ಯೇಕ ಹುದ್ದೆಯೂ ಎಲ್ಲ ಆಸ್ಪತ್ರೆಗಳಲ್ಲಿಲ್ಲ. ಇಲ್ಲಿಯ ಪದವಿಯೊಂದರಿಂದಲೇ ಅಲ್ಲಿ ಆ ಹುದ್ದೆ ದೊರೆಯುತ್ತದೆಂದು ಯಾವ ಏಜೆಂಟನಾದರೂ ಹೇಳಿದರೆ ಜಮೀನು ಅಡವಿಡಬೇಡಿ. ಅಲ್ಲಿ ಮೊದಲು ದಾದಿಯರ ಪರವಾನಗಿ ಪರೀಕ್ಷೆ, ಬಳಿಕ ಅಲ್ಲಿನ ಮಾನ್ಯತೆಯ ವ್ಯಾಸಂಗ ಎರಡೂ ಆಗಬೇಕು. ಇಲ್ಲಿ ಸೇರುವವರು ಶುಲ್ಕ ಕಟ್ಟುವ ಮೊದಲು, ಆ ಕಾಲೇಜಿಗೆ ಈ ವ್ಯಾಸಂಗಕ್ಕೆಂದೇ ಮಾನ್ಯತೆ ದೊರೆತಿದೆಯೇ ಎಂಬುದನ್ನು ಕಾಗದದಲ್ಲಿ ಕಂಡು ಖಚಿತಪಡಿಸಿಕೊಳ್ಳಿರಿ.